ನೆಗೆಟಿವ್ ಡಬ್ಬಿಯೊಳಗಿನ ಊರು

ಕಿತ್ತೂರು ಚೆನ್ನಮ್ಮನ ಫೋಟೊ ಎಲ್ಲಿಯೂ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ. ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡದ್ದು 1829ರಲ್ಲಿ. ಪ್ಯಾರಿಸ್ಸಿನ ಡಾಗೇರ್ ಕಂಡುಹಿಡಿದ ಫೋಟೊ ವಿಧಾನ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಹೀಗಾಗಿ ರಾಣಿಯ ಮುಖವೆಂದು ನಾವು ಗೋಡೆಗೆ ಹಾಕಿಕೊಂಡಿರುವುದೆಲ್ಲ ಚಿತ್ರಕಾರರ ಕಲ್ಪನೆ. 1961ರ ಸಿನಿಮಾ ಬಂದ ಮೇಲಂತೂ ಅನೇಕರ ಕಣ್ಣಲ್ಲಿ ನಿಂತದ್ದು ಬಿ. ಸರೋಜಾದೇವಿಯವರ ಮುಖ. ಆ ಕಾಲಕ್ಕೆ ಬೇರೆ ದಾರಿಯೇ ಇರಲಿಲ್ಲ. ಆದರೆ ಕ್ಯಾಮೆರಾ ಬಂದ ಮೇಲಾದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರ ಮುಖಗಳನ್ನು ನಾವು ಉಳಿಸಿಕೊಂಡೆವೇ?

ಕ್ಯಾಮೆರಾ ನಮ್ಮ ಸೀಮೆಗೆ ಬೇಗನೇ ಬಂದಿತ್ತು. ಹಳೆಯ ಕಟ್ಟಡಗಳ ಫೋಟೊ ತೆಗೆಯಲೆಂದೇ ಮುಂಬಯಿ ಸರಕಾರ 1855ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿತು. ಅವನು, ಡಾಕ್ಟರ್ ಪಿಗೌ ಮತ್ತು ನೀಲ್ ತೆಗೆದ ಚಿತ್ರಗಳು ಧಾರವಾಡ–ಮೈಸೂರು ಸೀಮೆಯ ವಾಸ್ತುಶಿಲ್ಪದ ಭಾರಿ ಪುಸ್ತಕವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ತಿರುಗಾಡಿ ಗುಡಿಗಳನ್ನು ಅಳೆದು ವರದಿ ಬರೆದ. ಕಲ್ಲಿಗೆ ಸಿಕ್ಕ ಆ ಮರ್ಯಾದೆ ಮನುಷ್ಯನಿಗೆ ಸಿಗಲಿಲ್ಲ. ಅಂಥ ಚಿತ್ರಗಳಲ್ಲಿ ಮನುಷ್ಯ ಕಂಡರೆ, ಕಂಬ ಎಷ್ಟು ಎತ್ತರವಿದೆ ಎಂದು ತೋರಿಸಲು ಅದರ ಪಕ್ಕದಲ್ಲಿ ನಿಲ್ಲಿಸಿದವನು ಅಷ್ಟೇ.

ಮನುಷ್ಯನಿಗೆ ಕುರ್ಚಿ ಹಾಕಿ, ತಲೆ ಬಾಚಲು ಕನ್ನಡಿ ಕೊಟ್ಟು, ಗದ್ದ ಹಿಡಿದು ಮುಖ ಎತ್ತಿಸಿದವನು ಪೇಟೆಯ ಸ್ಟುಡಿಯೊದವನು. ಹತ್ತಿ ಮಾರಲು ಬೈಲಹೊಂಗಲಕ್ಕೆ ಬಂದ ರೈತ ಕೈಯಲ್ಲಿ ರೊಕ್ಕ ಆಡುತ್ತಿದ್ದ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವನ ಮೆಟ್ಟಿಲು ಹತ್ತುತ್ತಿದ್ದ. ಲಗ್ನ, ಕುಬಸ, ಶಾಲೆಯ ಗುಂಪು, ಕೊನೆಗೆ ಶವದ ಮುಂದೆ ಕುಳಿತ ಮನೆಮಂದಿ, ಎಲ್ಲಕ್ಕೂ ಅವನೇ ಬೇಕಾಗಿತ್ತು. ಎಮ್ಮೆ ಸಾಲಕ್ಕೆ, ದನದ ವಿಮೆಗೆ ಸಹ ಅವನು ಸೈಕಲ್ ಮೇಲೆ ಊರೂರಿಗೆ ಹೋಗಿ ಮಾಲೀಕನನ್ನು ಎಮ್ಮೆಯ ಜೊತೆ ನಿಲ್ಲಿಸಿ ಫೋಟೊ ಹೊಡೆದಿದ್ದಾನೆ. ಬ್ಯಾಂಕಿನ ಫೈಲಿಗೆ ಅಂಟಿಸಲೆಂದು ತೆಗೆದ ಆ ಫೋಟೊಗಳಷ್ಟು ಸಹಜವಾಗಿ ನಮ್ಮ ಹಿತ್ತಿಲು, ಗೋದಲಿ, ಗೊಬ್ಬರದ ಗುಂಡಿ ಬೇರೆಲ್ಲೂ ಸಿಗಲಾರವು.

ಅಂಥ ಸ್ಟುಡಿಯೊದ ಒಂದು ಕಪ್ಪು-ಬಿಳುಪು ಫೋಟೊ ನನ್ನ ಮುಂದಿದೆ. ಹೊಸ ಜೋಡಿ. ಹಿಂದೆ ನಾಟಕ ಕಂಪನಿಯವರ ಪರದೆಯಂತೆ ಬಣ್ಣದಲ್ಲಿ ಬರೆದ ಅರಮನೆಯ ಮೆಟ್ಟಿಲು, ಕೊಳ, ಎರಡು ಹಂಸ. ಗಂಡ ಕುರ್ಚಿಯ ಮೇಲೆ ಕುಳಿತು, ಕೈಗಡಿಯಾರ ಕ್ಯಾಮೆರಾಕ್ಕೆ ಕಾಣುವಂತೆ ಮಣಿಕಟ್ಟು ತಿರುಗಿಸಿಕೊಂಡಿದ್ದಾನೆ. ಹೆಂಡತಿ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಕುರ್ಚಿಯ ಬೆನ್ನಿಗೆ ಬೆರಳ ತುದಿಗಳನ್ನಷ್ಟೇ ಇಟ್ಟಿದ್ದಾಳೆ. ಇದರ ನೆಗೆಟಿವ್ ಸಹ ಉಳಿದಿದೆ, ಎರಡೂಕಾಲು ಇಂಚಿನ ಚೌಕ, 120 ರೋಲಿನದು. ಅದನ್ನು ಬೆಳಕಿಗೆ ಹಿಡಿದರೆ ಪ್ರಿಂಟಿನಲ್ಲಿ ಕತ್ತರಿಸಿ ಬಿಟ್ಟದ್ದೆಲ್ಲ ಎದ್ದು ಬರುತ್ತದೆ. ಪರದೆ ಎಡಕ್ಕೆ ಮುಗಿದುಹೋಗಿ ಸುಣ್ಣದ ಗೋಡೆ ಕಾಣುತ್ತದೆ. ಗೋಡೆಯ ಗೂಟಕ್ಕೆ ಗಿರಾಕಿಗಳಿಗೆಂದು ಇಟ್ಟ ಕೋಟು. ಬಲಕ್ಕೆ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದ ಹೆಂಗಸು, ಅಕ್ಕನೋ ನಾದಿನಿಯೋ. ಕೆಳಗೆ ಚಾಪೆಯಾಚೆ ಬಿಟ್ಟ ನಾಲ್ಕು ಜೋಡು ಚಪ್ಪಲಿ, ಒಂದಕ್ಕೆ ಉಂಗುಷ್ಟವಿಲ್ಲ. ಗಿರಾಕಿ ಕಾಸು ಕೊಟ್ಟದ್ದು ನಡುವಿನ ಇಬ್ಬರಿಗೆ. ಊರು ಕುಳಿತಿರುವುದು ಅಂಚಿನಲ್ಲಿ. ಆದ್ದರಿಂದಲೇ ಹಳೆಯ ಫೋಟೊ ಕೂಡಿಸುವ ಗೆಳೆಯರಿಗೆ ನಾನು ಹೇಳುವುದು: ಪ್ರಿಂಟಿಗಿಂತ ಮೊದಲು ನೆಗೆಟಿವ್ ಕೇಳಿ.

ಮಧ್ಯಪ್ರದೇಶದ ನಾಗದಾ ಎಂಬ ಕಾರ್ಖಾನೆಯ ಊರಿನಲ್ಲಿ ಈ ಕೆಲಸ ಆಗಿದೆ. ಅಲ್ಲಿನ ಸುಹಾಗ್ ಸ್ಟುಡಿಯೊದ ಸುರೇಶ ಪಂಜಾಬಿಯವರ ಹಳೆಯ ನೆಗೆಟಿವ್‌ಗಳನ್ನು ಕ್ರಿಸ್ಟೋಫರ್ ಪಿನ್ನಿ ಎಂಬ ಮಾನವಶಾಸ್ತ್ರಜ್ಞ ಅಭ್ಯಾಸ ಮಾಡಿದರು. 2013ರಲ್ಲಿ ಚೆನ್ನೈನ ತಾರಾ ಬುಕ್ಸ್ ಅವುಗಳ ಪುಸ್ತಕ ತಂದಿತು. ಲೆಬನಾನಿನ ಸೈದಾ ಪಟ್ಟಣದ ಹಾಶೆಮ್ ಎಲ್ ಮದನಿ ಎಂಬ ಸ್ಟುಡಿಯೊದವರ ಸಂಗ್ರಹವನ್ನು ಅಲ್ಲಿಯ ಒಂದು ಪ್ರತಿಷ್ಠಾನ ಕಾಪಾಡಿತು, ಅದರ ಚಿತ್ರಗಳು ದೇಶ ದಾಟಿ ಪ್ರದರ್ಶನ ಕಂಡವು. ನಾಗದಾದ ಮುಂದೆ ನಮ್ಮ ಬೈಲಹೊಂಗಲ ಯಾವುದರಲ್ಲೂ ಕಡಿಮೆಯಲ್ಲ.

ಹಾಗೆಂದು ಸ್ಟುಡಿಯೊದವರನ್ನು ಸುಮ್ಮನೆ ಹೊಗಳಲಾರೆ. ಅವರ ಕ್ಯಾಮೆರಾ ಬಹುಪಾಲು ಗಿರಾಕಿ ಕರೆದಾಗಷ್ಟೇ ಹೊರಗೆ ಬಂತು. ರಾಮದುರ್ಗದ, ಸುರೇಬಾನದ ನೇಕಾರ ಫೋಟೊ ತೆಗೆಸಬೇಕೆಂದರೆ ಮೈ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡು ಪೇಟೆಗೆ ಬಂದ. ಮಗ್ಗ ಮನೆಯಲ್ಲೇ ಉಳಿಯಿತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಒಗೆಯುವ ಅವನ ಕೈ, ಪಕ್ಕದಲ್ಲಿ ಕಂಡಿಕೆ ಸುತ್ತುವ ಅವ್ವ, ಇವು ಯಾರಿಗೂ ಫೋಟೊಕ್ಕೆ ಯೋಗ್ಯ ಅನಿಸಲಿಲ್ಲ. ಹತ್ತಿ ಗಿರಣಿಯ ಹೆಂಗಸರಿಗೂ ಇದೇ ಗತಿ.

ಇಲ್ಲಿ ನನಗೆ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ದೊಡ್ಡವರಾಗಿ ಕಾಣುತ್ತಾರೆ. 1923ರಲ್ಲಿ ಹುಟ್ಟಿ, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ, ಆಮೇಲೆ ಸ್ವತಂತ್ರವಾಗಿ ದುಡಿದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಇಷ್ಟೆಲ್ಲ ಆದರೂ ಅವರ ಕಣ್ಣು ಹುಡುಕಿದ್ದು ಬೀದಿಯಲ್ಲಿ ನಡೆದುಹೋಗುವವರನ್ನು, ಶಾಲೆಯ ಮಕ್ಕಳನ್ನು, ಹೊಲ ಮನೆಯಲ್ಲಿ ದುಡಿಯುವವರನ್ನು. ಅವರ ಚಿತ್ರದಲ್ಲಿರುವವರು ಕ್ಯಾಮೆರಾಕ್ಕಾಗಿ ಕೆಲಸ ನಿಲ್ಲಿಸಿದವರಲ್ಲ. ಆ ನಂಬಿಕೆ ಜನರ ನಡುವೆ ಇದ್ದು ಇದ್ದು ಬರುವಂಥದ್ದು. ಅದು ನಮ್ಮ ಪೇಟೆಯ ಫೋಟೊದವನಿಗೆ ಮೊದಲೇ ಇದೆ: ಅವನನ್ನು ಕಂಡರೆ ಮುದುಕಿಯರು ಹೆಸರು ಹಿಡಿದು ಕರೆದು ಚಹಾ ಕುಡಿಸುತ್ತಾರೆ. ಇಂದಿನ ಹುಡುಗರು ಲಗ್ನದ ಸೀಜನ್ ಮುಗಿದ ಮೇಲೆ ಆ ಕ್ಯಾಮೆರಾ ಹಿಡಿದು ಮಗ್ಗದ ಮನೆಗೆ ಹೋಗಲಿ.

ಎಲ್ಲಮ್ಮನ ಗುಡ್ಡಕ್ಕೂ ಹೋಗಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಹಾದಿಯಲ್ಲಿ ಭಂಡಾರ ತೂರುವ ಫೋಟೊ ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ, ಹಳದಿಯ ಮೋಡ ಚೆಂದವೇ. ನಾನು ಕಾಯುವುದು ಬೇರೆ ಚಿತ್ರಕ್ಕೆ. ಚಕ್ಕಡಿಯ ನೆರಳಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ದೇವಿಯ ಪಡ್ಡಲಗಿ ತುಂಬಿಸಲು ಹೋಳಿಗೆ ತಟ್ಟುತ್ತಿರುವ ಹೆಣ್ಣುಮಗಳ ಚಿತ್ರ ಬೇಕು. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ, ಒಲೆ ಹೋಗಿ ಸಿಲಿಂಡರ್ ಬಂದಿದೆ. ಆ ಬದಲಾವಣೆಯನ್ನು ವರ್ಷ ವರ್ಷ ಹಿಡಿದಿಟ್ಟವರು ಒಬ್ಬರಾದರೂ ಇದ್ದರೆ ಅವರ ಡಬ್ಬಿ ಸೀಮೆಯ ಆಸ್ತಿ.

ಆ ಡಬ್ಬಿಗಳು ಈಗ ಎಲ್ಲಿವೆ? ಕಲರ್ ಲ್ಯಾಬ್ ಬಂತು, ಡಿಜಿಟಲ್ ಬಂತು, ಸ್ಟುಡಿಯೊಗಳು ಝೆರಾಕ್ಸ್ ಅಂಗಡಿಯಾದವು. ಬೆಳ್ಳಿ ತೆಗೆಯಲೆಂದು ನೆಗೆಟಿವ್‌ಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡೊಯ್ದವರಿದ್ದಾರೆ. ಗಾಜಿನ ಪ್ಲೇಟುಗಳನ್ನು ಬಿಸಿನೀರಿನಲ್ಲಿ ತೊಳೆದು ದೇವರ ಪಟಕ್ಕೆ ಗಾಜು ಮಾಡಿಕೊಂಡವರೂ ಇದ್ದಾರೆ. ಉಳಿದದ್ದನ್ನು ನೀರು ತಿನ್ನುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟು ತುಂಬಿ ಮಲಪ್ರಭೆ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನುಗ್ಗಿದಾಗ ಕಾಳು, ಮಗ್ಗ, ನೂಲಿನ ಜೊತೆ ಆಲ್ಬಮ್ಮುಗಳೂ ಹೋದವು. ಅವುಗಳಿಗೆ ಪರಿಹಾರದ ಅರ್ಜಿಯಲ್ಲಿ ಕಾಲಂ ಇರುವುದಿಲ್ಲ.

ಒಂದಕ್ಕೊಂದು ಅಂಟಿದ ಹಳೆಯ ಫೋಟೊಗಳನ್ನು ಕಿತ್ತು ಬಿಡಿಸಬೇಡಿ. ಶುದ್ಧ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ತಾವೇ ಬಿಡುತ್ತವೆ. ಆಮೇಲೆ ಬಟ್ಟೆಯ ಮೇಲೆ ಮುಖ ಮೇಲಾಗಿ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸುರುಳಿಯಾಗಿ ಬಿರಿಯುತ್ತವೆ. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ. ಹುಳಿ ವಾಸನೆ ಬಂದರೆ ಅದು ಫಿಲ್ಮ್ ಕೊಳೆಯುವ ಸೂಚನೆ, ಅಂಥವನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಗುರುತು ಹಿಡಿಯುವ ಅಜ್ಜಿ ಇರುವಾಗಲೇ ಬರೆಯಿರಿ.

ಪ್ರತಿ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ. ಕೋಟೆಯೊಳಗೆ ವಸ್ತುಸಂಗ್ರಹಾಲಯವೂ ಇದೆ. ಉತ್ಸವ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಆ ಮೂರು ದಿನ ನಾಲ್ಕೂ ತಾಲೂಕಿನ ಹಳೆಯ ಸ್ಟುಡಿಯೊದವರನ್ನು ಡಬ್ಬಿ ಸಮೇತ ಕರೆಯಿರಿ, ಒಂದು ಸ್ಕ್ಯಾನರ್ ಇಡಿ, ಅವರಿಗೊಂದು ಶಾಲು ಹೊದಿಸಿ. ಅವರ ಚಿತ್ರಗಳಿಗೆ ಸಂಗ್ರಹಾಲಯದಲ್ಲಿ ಒಂದು ಗೋಡೆ ಕೊಡಿ.