ನಾಯಿಯ ತೊಡೆಯೆಲುಬಿನ ವಕ್ರತೆಯೂ ಅದರ ಮಾನವೂ

ಮಂಡಿಚಿಪ್ಪು ತನ್ನ ಜಾಡಿನಿಂದ ಒಳಮಗ್ಗುಲಿಗೆ ಜಾರುವ ರೋಗವು ನಾಯಿಗಳಲ್ಲಿ ಬಹುಸಾಮಾನ್ಯವಾದುದು. ಕೆಲವು ನಾಯಿಗಳಲ್ಲಿ ತೊಡೆಯೆಲುಬಿನ ಕೆಳಭಾಗದ ಬಾಗೇ ಇದಕ್ಕೆ ಕಾರಣವೆಂದು ಪಶುವೈದ್ಯರು ನಿರ್ಣಯಿಸಿ, ಎಲುಬನ್ನು ಗರಗಸದಿಂದ ಕೊಯ್ದು, ನೇರಗೊಳಿಸಿ, ಲೋಹದ ಪಟ್ಟಿಯಿಂದ ಬಿಗಿಯುವರು. ಕೊಯ್ಯಬೇಕೋ ಬೇಡವೋ ಎಂಬುದು ಎಕ್ಸ್‌ರೇ ಚಿತ್ರದ ಮೇಲೆ ಅಳೆದ ಕೋನವೊಂದನ್ನು ಬಹುಮಟ್ಟಿಗೆ ಅವಲಂಬಿಸಿರುವುದರಿಂದ ಆ ಕೋನದ ಪ್ರಾಮಾಣ್ಯವು ವಿಚಾರಾರ್ಹವಾಗಿದೆ.

ಅಳೆಯುವ ಕ್ರಮವು ಸರಳ. ಎಲುಬಿನ ಮೇಲರ್ಧದ ನಡುವೆ ಹಾಯುವ ಅಕ್ಷರೇಖೆಯೊಂದು. ಮಂಡಿಯ ಎರಡು ಉಬ್ಬುಗಳನ್ನು ಮುಟ್ಟುವ ಅಡ್ಡರೇಖೆಯೊಂದು. ಇವುಗಳ ಹೊರಮಗ್ಗುಲ ಕೋನದಲ್ಲಿ 90 ಡಿಗ್ರಿಗಳನ್ನು ಕಳೆದರೆ ಉಳಿಯುವುದೇ ಬಾಗಿನ ಮಾನ. ಆದರೆ ವಕ್ರತೆಯೆಂಬ ಹೆಸರನ್ನು ಮೊದಲು ಪರೀಕ್ಷಿಸಬೇಕು. ಪಕ್ಕಕ್ಕೆ ಬಾಗಿದುದು, ಮುಂದಕ್ಕೆ ಡೊಂಕಾದುದು, ತನ್ನ ಅಕ್ಷದ ಸುತ್ತ ತಿರುಚಿಕೊಂಡುದು, ಈ ಮೂರನ್ನೂ ಅದು ಒಳಕೊಳ್ಳುವುದು. ತಾರ್ಕಿಕರು ಇದನ್ನು ಅತಿವ್ಯಾಪ್ತಿಯೆನ್ನುವರು. ನಾಯಿಯ ತೊಡೆಯೆಲುಬು ಸ್ವಭಾವತಃ ಬಿಲ್ಲಿನಂತೆ ಮುಂದಕ್ಕೆ ತುಸು ಬಾಗಿರುವುದು. ಎಕ್ಸ್‌ರೇ ಚಿತ್ರವಾದರೋ ಕೇವಲ ನೆರಳು. ಕಾಲನ್ನು ಹೊರಕ್ಕೆ ಕೊಂಚ ಹೊರಳಿಸಿಟ್ಟರೆ ಆ ಸಹಜವಾದ ಮುಂಬಾಗೇ ನೆರಳಿನಲ್ಲಿ ಪಕ್ಕದ ಬಾಗಾಗಿ ತೋರುವುದು. ಇಲ್ಲದ ರೋಗಕ್ಕೆ ಗರಗಸ ಸಿದ್ಧವಾಗುವುದು! ಮಂಡಿಚಿಪ್ಪು ನಡುವೆ ಕಂಡರೆ ಕಾಲು ನೇರವಾಗಿದೆಯೆಂಬ ಗುರುತು ಇಲ್ಲಿ ನಿಲ್ಲದು; ಚಿಪ್ಪು ಸ್ಥಾನಭ್ರಷ್ಟವಾಗಿರುವುದೇ ರೋಗವಷ್ಟೆ. ಮಂಡಿಯ ಹಿಂದಿನ ಎರಡು ಕಿರಿಯ ಎಲುಬುಗಳನ್ನು ತೊಡೆಯೆಲುಬಿನ ಅಂಚುಗಳು ಇಬ್ಭಾಗಿಸಿದಂತೆ ಕಾಣುವುದು ಅದಕ್ಕಿಂತ ನಂಬತಕ್ಕ ಗುರುತು.

ಬಾಗು 12 ಡಿಗ್ರಿಗಳನ್ನು ಮೀರಿದರೆ ಕೊಯ್ಯಬಹುದೆಂಬ ರೂಢಿಯು ಇನ್ನೂ ಚಿಂತ್ಯವಾದುದು. ನಿರೋಗಿಯಾದ ಲ್ಯಾಬ್ರಡಾರ್ ನಾಯಿಯಲ್ಲಿ ಮೇಲ್ಕಂಡ ಹೊರಕೋನವು ಸರಾಸರಿ 97ರಷ್ಟು, ಜರ್ಮನ್ ಷೆಫರ್ಡ್ ನಾಯಿಯಲ್ಲಿ 94ರಷ್ಟು. ಎಂದರೆ ಸಹಜವಾದ ಬಾಗು ಮೊದಲನೆಯದಕ್ಕೆ 7, ಎರಡನೆಯದಕ್ಕೆ 4. ಹೀಗಿರಲು 12 ಎಂಬ ಮೇರೆಯು ಒಂದರಲ್ಲಿ 5 ಡಿಗ್ರಿಗಳ ವಿಕಾರವನ್ನೂ ಇನ್ನೊಂದರಲ್ಲಿ 8 ಡಿಗ್ರಿಗಳ ವಿಕಾರವನ್ನೂ ಸೂಚಿಸುವುದು. ತಳಿಭೇದವನ್ನು ಗಣಿಸದೆ ಒಂದೇ ಮೇರೆಯನ್ನು ವಿಧಿಸುವುದು ಸಾಧುವಲ್ಲ.

ಸಿ.ಟಿ. ಚಿತ್ರಣವು ಎಲುಬನ್ನು ಪರದೆಯ ಮೇಲೆ ಬೇಕಾದಂತೆ ತಿರುಗಿಸಿ ನೋಡಲು ಎಡೆಗೊಡುವುದು. ಕಾಲನ್ನು ಇಡುವಾಗಿನ ತಪ್ಪು ಇದರಿಂದ ಬಹಳ ಮಟ್ಟಿಗೆ ತೊಲಗುವುದಲ್ಲದೆ, ಎಲುಬಿನ ಕತ್ತಿಗೂ ಮಂಡಿಯ ಉಬ್ಬುಗಳಿಗೂ ನಡುವಣ ತಿರುಚು ಅಕ್ಷದ ದಿಕ್ಕಿನಿಂದ ನೇರವಾಗಿ ಕಾಣುವುದು. ಇಷ್ಟರಿಂದಲೇ ಎಲ್ಲವೂ ಸಿದ್ಧವಾಯಿತೆನ್ನುವುದು ಆತುರದ ಮಾತು. ಅಕ್ಷವನ್ನು ಯಾವ ಬಿಂದುಗಳಿಂದ ಎಳೆಯಬೇಕೆಂಬುದನ್ನು ಅಳೆಯುವವನೇ ಆರಿಸಬೇಕು. ಬಿಂದು ಬೇರೆಯಾದರೆ ಕೋನವೂ ಬೇರೆ. ಬಾಗು ಹೆಚ್ಚಿದ ಎಲುಬಿನಲ್ಲಿ, ಎಂದರೆ ನಿರ್ಣಯವು ಅತ್ಯವಶ್ಯವಾದೆಡೆಯಲ್ಲಿಯೇ, ಈ ಆಯ್ಕೆಯು ಕಠಿನವಾಗುವುದು. ಆದುದರಿಂದ ಕೋನದೊಡನೆ ಬಿಂದುಗಳನ್ನೂ ತಳಿಯನ್ನೂ ಚಿತ್ರದ ಬಗೆಯನ್ನೂ ಬರೆಯತಕ್ಕದ್ದು. ಇನ್ನೊಂದು ಕಾಲು ರೋಗರಹಿತವಾಗಿದ್ದರೆ ಅದರ ಮಾನವನ್ನೂ ಪಕ್ಕದಲ್ಲಿ ಇಡತಕ್ಕದ್ದು.