ದಾನಪ್ರಶಸ್ತಿಗಳು ಮತ್ತು ಶ್ರಾವಕಸಮಾಜ

ಹಸ್ತಪ್ರತಿಗಳ ಅಂತ್ಯದಲ್ಲಿ ಬರುವ ದಾನಪ್ರಶಸ್ತಿಗಳನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಕಾಲನಿರ್ಣಯದ ಸಾಮಗ್ರಿಯಾಗಿಯೇ ಬಳಸಿದ್ದಾರೆ. ಅದು ಯುಕ್ತವೇ; ಆದರೆ ಅಷ್ಟಕ್ಕೇ ನಿಲ್ಲಬೇಕೆ ಎಂಬುದು ವಿಚಾರಾರ್ಹ.

ಮೂಡುಬಿದಿರೆಯ ಸಿದ್ಧಾಂತಗ್ರಂಥಗಳನ್ನೇ ನೋಡಬಹುದು. ಮಹಾಬಂಧದ ಪ್ರತಿಯನ್ನು ಬರೆಯಿಸಿ, ಶ್ರೀಪಂಚಮಿ ನೋಂಪಿಯ ಉದ್ಯಾಪನೆಯಲ್ಲಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆಯೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ವೀರಸೇನರ ಧವಳಾ ಟೀಕೆಯು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳಾಗಿ ಹೊರಬಂದಿತು. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಪ್ರಕಟವಾಯಿತು. ಇವು ಮಹೋಪಕಾರಗಳೆಂಬುದು ನಿರ್ವಿವಾದ. ಆದರೆ ಇವು ಪಂಡಿತರನ್ನು ಉದ್ದೇಶಿಸಿದ ಕೃತಿಗಳು. ಓಲೆಗಳನ್ನು ತಲೆತಲಾಂತರದಿಂದ ಕಾಪಾಡಿದ ಶ್ರಾವಕರಿಗೆ ಅವುಗಳ ಚರಿತ್ರೆಯನ್ನು ಕನ್ನಡದಲ್ಲಿ ತಿಳಿಸುವ ಋಣ ನಮ್ಮ ಮೇಲೆ ಉಳಿದೇ ಇದೆ.

ಶ್ರುತಪಂಚಮಿಯಂದು ಗ್ರಂಥಗಳಿಗೆ ಪೂಜೆ ಸಲ್ಲುತ್ತದೆ. ಅದೇ ದಿನ ಆಯಾ ಭಂಡಾರದ ಪ್ರಶಸ್ತಿಗಳನ್ನು ಅರ್ಥಸಹಿತವಾಗಿ ಓದಿ, ಬರೆಯಿಸಿದವರು ಯಾರು, ಬರೆದವರು ಯಾರು, ಯಾವ ನೋಂಪಿಯ ನಿಮಿತ್ತ ಎಂಬುದನ್ನು ವಿವರಿಸಬೇಕು. ಪೂಜ್ಯವಸ್ತುವು ತಮ್ಮಂಥ ಗೃಹಸ್ಥರ ದಾನವೆಂದು ಅರಿತವರು ಅದರ ರಕ್ಷಣೆಯನ್ನು ತಮ್ಮ ಹೊಣೆಯೆಂದು ಭಾವಿಸುವರು. ಮನೆಯ ಅಟ್ಟದಲ್ಲಿರುವ ಓಲೆಕಟ್ಟನ್ನು ತೋರಿಸಲೂ ಮುಂದೆ ಬಂದಾರು.

ಒಂದು ಎಚ್ಚರ ಅವಶ್ಯ. ಪ್ರತಿಯು ದೊರೆತ ಸ್ಥಳವೇ ಅದನ್ನು ಬರೆದ ಸ್ಥಳವಾಗಬೇಕಿಲ್ಲ. ಪ್ರಶಸ್ತಿಯಲ್ಲಿಲ್ಲದ ಊರನ್ನಾಗಲಿ ಮನೆತನವನ್ನಾಗಲಿ ಅಭಿಮಾನದಿಂದ ಸೇರಿಸಲಾಗದು. ಮಲ್ಲಿಕಬ್ಬೆಯನ್ನು ಯಾವುದೋ ಊರಿನ ಮಗಳನ್ನಾಗಿ ಮಾಡುವುದರಿಂದ ಅವಳ ದಾನದ ಹಿರಿಮೆ ಹೆಚ್ಚುವುದಿಲ್ಲ. ಓಲೆ ನುಡಿದಷ್ಟನ್ನೇ ನುಡಿಯುವುದು ಶ್ರುತಭಕ್ತಿಯೂ ಹೌದು, ಸಂಶೋಧನಧರ್ಮವೂ ಹೌದು.