ಶಸ್ತ್ರಪಾಣಿಯ ವಧೆ: ಮಿತಾಕ್ಷರೆಯ ವಿವೇಚನೆಯೂ ಇಂದಿನ ಕಾಯಿದೆಯೂ

ಕೈಯಲ್ಲಿ ಆಯುಧವಿರುವವನನ್ನು ರಾಜಪುರುಷರು ಯಾವಾಗ ಕೊಲ್ಲಬಹುದೆಂಬುದು ಹೊಸ ಪ್ರಶ್ನೆಯಲ್ಲ. ಧರ್ಮಶಾಸ್ತ್ರಕಾರರು ಆರು ಬಗೆಯ ಆತತಾಯಿಗಳನ್ನು ಎಣಿಸುವರು. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಧನ ಕ್ಷೇತ್ರ ದಾರೆಗಳನ್ನು ಅಪಹರಿಸುವವರು, ಇವರೊಡನೆ ಶಸ್ತ್ರಪಾಣಿಯೂ ಸೇರಿರುವನು. ಮೇಲೆ ಬೀಳುವ ಆತತಾಯಿಯನ್ನು ವಿಚಾರಿಸದೆ ಕೊಲ್ಲಬಹುದೆಂದು ಮನುಸ್ಮೃತಿಯಲ್ಲಿದೆ. ಈ ಮಾತನ್ನು ಬಿಡಿಯಾಗಿ ಓದಿದರೆ ಆಯುಧ ಹಿಡಿದ ಕೈಯೇ ವಧೆಗೆ ಸಾಕಾದ ಕಾರಣವೆಂದು ತೋರುವುದು. ಈ ಓದು ಸಲ್ಲದೆಂಬುದನ್ನೂ, ಇದಕ್ಕೆ ಹತ್ತಿರದ ದೋಷವೊಂದು ಇಂದಿನ ಕಾಯಿದೆಯಲ್ಲಿ ಉಳಿದಿರುವುದನ್ನೂ ಇಲ್ಲಿ ವಿಮರ್ಶಿಸಬೇಕಾಗಿದೆ.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯ ವ್ಯವಹಾರಾಧ್ಯಾಯದಲ್ಲಿ ಈ ಮಾತನ್ನೇ ಎತ್ತಿಕೊಂಡಿರುವನು. ಅದನ್ನು ಅವನು ವಿಧಿಯೆಂದು ಒಪ್ಪದೆ ಅರ್ಥವಾದವೆನ್ನುವನು. ತನ್ನನ್ನಾಗಲಿ ಇತರರನ್ನಾಗಲಿ ಕಾಪಾಡಿಕೊಳ್ಳುವುದಕ್ಕಾಗಿ, ಕೊಲ್ಲುವ ಅಭಿಸಂಧಿಯಿಲ್ಲದೆ, ತಡೆಯುತ್ತಿರುವಾಗ ಆತತಾಯಿಯು ಪ್ರಮಾದದಿಂದ ಸತ್ತರೆ ರಾಜದಂಡವಿಲ್ಲ, ಲಘು ಪ್ರಾಯಶ್ಚಿತ್ತ ಮಾತ್ರವೆಂಬುದು ಅವನ ನಿರ್ಣಯ. ಆ ಚರ್ಚೆ ಹುಟ್ಟಿದ್ದು ಬ್ರಾಹ್ಮಣಾದಿಗಳ ವಿಷಯದಲ್ಲಿ. ಈ ಮಿತಿಯನ್ನು ಮರೆಮಾಚಲಾಗದು. ಆದರೆ ನಿವಾರಣೆ ಬೇರೆ, ವಧೆ ಬೇರೆ ಎಂಬ ಅಲ್ಲಿಯ ಭೇದವು ಜಾತಿಯನ್ನು ನೋಡದೆ ಎಲ್ಲ ಮನುಷ್ಯರಿಗೂ ಸಲ್ಲತಕ್ಕದ್ದು.

ಈಗ ಇಂದಿನ ಕಾಯಿದೆಗೆ ಬರೋಣ. ಇದರಲ್ಲಿ ಎರಡು ಅಳತೆಗೋಲುಗಳಿವೆ. ಮೊದಲನೆಯದು 2023ರ ಭಾರತೀಯ ನ್ಯಾಯ ಸಂಹಿತೆಯ ಸ್ವರಕ್ಷಣೆಯ ಹಕ್ಕು. ಪ್ರಾಣಕ್ಕೆ ಅಪಾಯವಿದೆಯೆಂಬ ಯುಕ್ತವಾದ ಭಯ ಹುಟ್ಟಿದಾಗ ಇದು ಹುಟ್ಟುತ್ತದೆ, ಆ ಭಯ ತೀರಿದಾಗ ತೀರುತ್ತದೆ; ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಇದರಲ್ಲಿ ಎಡೆಯಿಲ್ಲ. ಇದು ಪೋಲೀಸಿನವನಿಗೂ ಪ್ರಜೆಗೂ ಸಮಾನ. ಎರಡನೆಯದು ಅದೇ ವರ್ಷದ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಪ್ರಕರಣ. ದಸ್ತಗಿರಿಯನ್ನು ಪ್ರತಿಭಟಿಸುವವನ ಮೇಲೆ ಅಗತ್ಯವಾದ ಎಲ್ಲ ಉಪಾಯಗಳನ್ನೂ ಬಳಸಬಹುದೆಂದು ಹೇಳಿ, ಮರಣದಂಡನೆಗೆ ಅಥವಾ ಆಜೀವ ಕಾರಾವಾಸಕ್ಕೆ ಗುರಿಯಾಗುವ ಅಪರಾಧದ ಆಪಾದನೆಯಿಲ್ಲದವನನ್ನು ಕೊಲ್ಲುವ ಹಕ್ಕು ಇದರಿಂದ ಬಾರದೆಂದು ಅದು ಕಟ್ಟುಮಾಡುತ್ತದೆ. 1898ರ ಸಂಹಿತೆಯಿಂದ 1973ರದಕ್ಕೂ, ಅಲ್ಲಿಂದ ಇದಕ್ಕೂ ಈ ಮಾತು ಹೆಚ್ಚು ಬದಲಾಗದೆ ಇಳಿದುಬಂದಿದೆ.

ದೋಷವಿರುವುದು ಈ ಎರಡನೆಯ ಅಳತೆಯಲ್ಲಿ. ಮೊದಲನೆಯದು ಈ ಕ್ಷಣದ ಅಪಾಯವನ್ನು ನೋಡಿದರೆ, ಎರಡನೆಯದು ಹಿಂದೆ ನಡೆದಿರಬಹುದಾದ ಅಪರಾಧದ ಹೆಸರನ್ನು ನೋಡುತ್ತದೆ. ಖೋಟಾ ನೋಟು ಮಾಡುವುದಕ್ಕೂ ಆಜೀವ ಕಾರಾವಾಸದವರೆಗೆ ಶಿಕ್ಷೆಯುಂಟು. ಹೀಗಾಗಿ, ಸೊಂಟದಲ್ಲಿ ಚೂರಿಯಿದ್ದರೂ ಅದನ್ನು ಹಿರಿಯದೆ ಓಡುತ್ತಿರುವ ಖೋಟಾ ನೋಟಿನ ಆಪಾದಿತನನ್ನು ಈ ನಿಷೇಧವು ಕಾಪಾಡುವುದಿಲ್ಲ. ಅತ್ತ, ಮಗುವಿಗೆ ಕೋವಿಯಿಟ್ಟು ನಿಂತವನನ್ನು ತಡೆಯಲು ಈ ವಾಕ್ಯದ ನೆರವೇ ಬೇಡ. ಸ್ವರಕ್ಷಣೆಯ ಹಕ್ಕೇ ಪರರ ಪ್ರಾಣಕ್ಕೂ ವ್ಯಾಪಿಸುತ್ತದೆ. ಬೇಕಾದಲ್ಲಿ ಅನಾವಶ್ಯಕ, ಬೇಡವಾದಲ್ಲಿ ಅಪಾಯಕರ: ಇದು ಆ ವಾಕ್ಯದ ಸ್ಥಿತಿ. ಅದು ನಿಷೇಧರೂಪದಲ್ಲಿದ್ದರೂ, ಅದರ ಮೌನವನ್ನು ಅನುಜ್ಞೆಯೆಂದು ಓದಲು ಅವಕಾಶವಿದೆ.

ನ್ಯಾಯಾಲಯಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ. ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲಿ, ಟೆನ್ನೆಸಿ ಸಂಸ್ಥಾನದ ಮೊಕದ್ದಮೆಯಲ್ಲಿ, ಪಲಾಯನ ಮಾಡುವ ಘೋರಾಪರಾಧಿಯನ್ನು ಕೊಲ್ಲಬಹುದೆಂಬ ಹಳೆಯ ನಿಯಮವನ್ನು ಕೈಬಿಟ್ಟು, ಅವನಿಂದ ಪ್ರಾಣಾಪಾಯವುಂಟೆಂದು ನಂಬಲು ಕಾರಣವಿರಬೇಕೆಂದಿತು. ನಮ್ಮ ಸುಪ್ರೀಂ ಕೋರ್ಟು 2014ರಲ್ಲಿ, ಪೋಲೀಸರ ಗುಂಡಿನಿಂದಾದ ಸಾವುಗಳಿಗೆ ಸ್ವತಂತ್ರ ತನಿಖೆಯೂ ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಬೇಕೆಂದು ವಿಧಿಸಿತು. ಘಟನೆಯ ಬೆನ್ನಿಗೇ ಬಡ್ತಿಯನ್ನಾಗಲಿ ಶೌರ್ಯಪದಕವನ್ನಾಗಲಿ ಕೊಡಕೂಡದೆಂದಿತು. 2016ರ ಮಣಿಪುರದ ತೀರ್ಪಿನಲ್ಲಿ, ನಿಷೇಧವನ್ನು ಮೀರಿ ಆಯುಧ ಹೊತ್ತಮಾತ್ರಕ್ಕೆ ಒಬ್ಬನು ಶತ್ರುವಾಗನೆಂದು ಹೇಳಿತು. ಶಸ್ತ್ರಪಾಣಿಯೆಂಬ ಪದಕ್ಕೆ ಇದಕ್ಕಿಂತ ಸಮರ್ಪಕವಾದ ವ್ಯಾಖ್ಯಾನ ದೊರೆಯದು.

ಇಲ್ಲಿ ಒಂದು ಪೂರ್ವಪಕ್ಷ. ಕಣ್ಣೆವೆಯಿಕ್ಕುವಷ್ಟರಲ್ಲಿ ತೀರ್ಮಾನಿಸಬೇಕಾದ ಪೇದೆಯಿಂದ ಇಷ್ಟು ವಿವೇಚನೆಯನ್ನು ಬಯಸುವುದು ನ್ಯಾಯವೆ? ಈ ಆಕ್ಷೇಪ ಹಗುರವಾದುದಲ್ಲ; ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಆದರೆ ಕಾಯಿದೆ ಅವನಿಂದ ಸತ್ಯವಾದ ಜ್ಞಾನವನ್ನು ಕೇಳುವುದಿಲ್ಲ, ಯುಕ್ತವಾದ ಭಯವನ್ನು ಮಾತ್ರ ಕೇಳುತ್ತದೆ. ತನ್ನತ್ತ ತಿರುಗಿದ ಕೋವಿ ಬರಿದೆಂದು ಆಮೇಲೆ ತಿಳಿದರೂ ಅವನು ದೋಷಿಯಲ್ಲ. ಆಯುಧವನ್ನು ಕೆಳಗೆ ಎಸೆದವನ ಮೇಲೆ, ಗಾಯಗೊಂಡು ಬಿದ್ದವನ ಮೇಲೆ, ಕೈಗೆ ಕೋಳ ಬಿದ್ದವನ ಮೇಲೆ ಗುಂಡು ಹಾರಿದಲ್ಲಿ ಕ್ಷಣದ ಅವಸರವೆಂಬ ಸಮಾಧಾನ ನಿಲ್ಲದು. ಅಲ್ಲಿ ನಡೆದದ್ದು ನಿವಾರಣೆಯಲ್ಲ, ದಂಡನೆ; ದಂಡಿಸುವ ಅಧಿಕಾರ ನ್ಯಾಯಾಧೀಶನದು.

ಆದಕಾರಣ 43ನೆಯ ಪ್ರಕರಣದ ಈ ವಾಕ್ಯವನ್ನು ತಿದ್ದುವುದು ಯುಕ್ತ. ಆಪಾದನೆಯ ಗುರುತ್ವವನ್ನು ಬಿಟ್ಟು, ತನ್ನ ಅಥವಾ ಪರರ ಪ್ರಾಣಕ್ಕೆ ಸನ್ನಿಹಿತವಾದ ಅಪಾಯವನ್ನೂ, ಬೇರೆ ಉಪಾಯವಿಲ್ಲದಿರುವಿಕೆಯನ್ನೂ ಮಾತ್ರ ಅದು ಅಳತೆಯಾಗಿಟ್ಟುಕೊಳ್ಳಲಿ. 2023ರಲ್ಲಿ ಸಂಹಿತೆಗಳನ್ನು ಹೊಸದಾಗಿ ಬರೆದಾಗ ಈ ಅವಕಾಶ ಒದಗಿತ್ತು, ಅದು ಬಳಕೆಯಾಗಲಿಲ್ಲ. ತೀರ್ಪುಗಳನ್ನು ಓದಿದವರು ಕೆಲವರು. ಕಾಯಿದೆಯ ವಾಕ್ಯವನ್ನು ಠಾಣೆ ಠಾಣೆಯಲ್ಲಿಯೂ ಓದುವರು.